ಅರ್ಧ ಸುತ್ತು

ಕಾಸ್ತೆಲ್‌ಮುರ, 28 ಮೇ 2006

ಪ್ರೀತಿಯ ದೊಡ್ಡಪ್ಪ ಅಂಪೇಲಿಯೊ,

ಹನ್ನೊಂದು ವರ್ಷದಲ್ಲಿ ಕ್ರಿಸ್‌ಮಸ್ ಕಾರ್ಡು ಬಿಟ್ಟರೆ ನಮ್ಮ ನಡುವೆ ಕಾಗದ ಓಡಾಡಿಲ್ಲ. ನಿಮಗೆ ಕಿವಿ ಕೇಳಿಸುವುದಿಲ್ಲ, ಫೋನು ಮಾಡಿ ಪ್ರಯೋಜನವಿಲ್ಲ ಎಂದು ಅಮ್ಮ ಹೇಳಿದಳು. ಅದಕ್ಕೇ ಬರೆಯುತ್ತಿದ್ದೇನೆ. ಸುಮ್ಮನೆ ಅಲ್ಲ, ಕೆಲಸವಿದೆ.

ಅಪ್ಪನ ಮೋಟಾರ್ ಸೈಕಲನ್ನು ಕೊಟ್ಟಿಗೆಯಿಂದ ಹೊರಗೆ ತೆಗೆದೆ. ಆಲಿವ್ ಕಾಯಿ ಉದುರಿಸುವ ಬಲೆಗಳ ಕೆಳಗೆ ಬಿದ್ದುಕೊಂಡಿತ್ತು. ಸೀಟಿನ ಮೇಲೆ ಕೋಳಿ ಕಾವಿಗೆ ಕೂತಿತ್ತು, ಎಬ್ಬಿಸಿದ್ದಕ್ಕೆ ನನ್ನ ಕೈ ಕುಕ್ಕಿತು. ಸೊಟ್ಟಗಾಗಿದ್ದ ಮುಂದಿನ ಚಕ್ರ ಬದಲಾಯಿಸಿದ್ದಾಯಿತು. ಇಂಜಿನ್ ಮೂರನೇ ಒದೆತಕ್ಕೆ ಎದ್ದು ಕೂಗಿತು. ಅಮ್ಮ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಉಳಿದದ್ದು ಮುಂದಿನ ಬ್ರೇಕು. ಲಿವರ್ ಹಿಡಿದರೆ ಹ್ಯಾಂಡಲಿಗೇ ಬಂದು ತಾಗುತ್ತದೆ. ಲಿವರಿನ ಬುಡದಲ್ಲಿ ಆಯಿಲ್ ತಳ್ಳುವ ಮಾಸ್ಟರ್ ಸಿಲಿಂಡರ್ ಸತ್ತಿದೆ, ಹೊಸದು, ಇದಕ್ಕಿಂತ ಒಳ್ಳೆಯದು ಹಾಕಬೇಕು ಎನ್ನುತ್ತಾನೆ ದೊನಾತೊ. ಅವನು ಊರಿನ ಮೋಟಾರ್ ಅಂಗಡಿಯವನು, ಅಕ್ಟೋಬರಿನಲ್ಲಿ ನನ್ನನ್ನು ಮದುವೆಯಾಗುವವನು. ಮೇಜಿನ ಮೇಲೆ ಮೂರು ಸಿಲಿಂಡರ್ ಸಾಲಾಗಿ ಇಟ್ಟ. ಒಳಗಿನ ಪಿಸ್ಟನ್ ಒಂದರಲ್ಲಿ ಹದಿನಾಲ್ಕು ಮಿಲಿಮೀಟರ್, ಒಂದರಲ್ಲಿ ಹದಿನಾರು, ಒಂದರಲ್ಲಿ ಹತ್ತೊಂಬತ್ತು.

“ದೊಡ್ಡದು ಹಾಕೇ. ಚಿಕ್ಕ ಲೋಟದಲ್ಲಿ ವೈನ್ ಕುಡಿಯೋನನ್ನ ಯಾರಾದ್ರೂ ಗಂಡಸು ಅಂತಾರಾ?” ಎಂದ.

“ನಾನು ಗಂಡಸಲ್ಲವಲ್ಲ ಮಾರಾಯ” ಎಂದೆ.

ನೀವು ಮೂವತ್ತು ವರ್ಷ ಬ್ರೇಕ್ ಕಾರ್ಖಾನೆಯಲ್ಲೇ ದುಡಿದವರು. ನೀವು ಹೇಳಿದ್ದನ್ನೇ ಹಾಕುತ್ತೇನೆ. ನಾನು ಓಡಿಸುವುದು ಸಂತೆಗೆ, ಮೇಲಿನ ತೋಟಗಳಿಗೆ ಬೇಕರಿಯ ಬ್ರೆಡ್ ಕೊಡಲಿಕ್ಕೆ, ಅಷ್ಟೇ.

ನಿಮ್ಮ ತಮ್ಮನ ಮಗಳು,
ದೆಲ್ಫಿನಾ


ಬೆರ್ಗಾಮೊ, 9 ಜೂನ್ 2006

ಮಗಳೇ ದೆಲ್ಫಿನಾ,

ನಿನ್ನ ಅಕ್ಷರ ನಿನ್ನ ಅಪ್ಪನ ಅಕ್ಷರದಂತೆಯೇ ಇದೆ. ಬಾಗಿಲಲ್ಲಿ ನಿಂತೇ ಓದಿದೆ. ಅಂಚೆಯವನು ಏನೋ ಕೇಳಿದ, ತುಟಿ ಅಲ್ಲಾಡಿದ್ದು ಕಂಡಿತು, ನಾನು ತಲೆ ಆಡಿಸಿದೆ. ಅವನು ನಕ್ಕುಕೊಂಡು ಹೋದ. ಏನಕ್ಕೆ ಒಪ್ಪಿಕೊಂಡೆನೋ ದೇವರಿಗೇ ಗೊತ್ತು.

ದೊಡ್ಡ ಪಿಸ್ಟನ್ ಎಂದರೆ ದೊಡ್ಡ ಬಲ ಎಂದು ನಂಬಿದವರು ನಿನ್ನ ದೊನಾತೊ ಒಬ್ಬನೇ ಅಲ್ಲ. ಮಕ್ಕಳಿಗೆ ಔಷಧಿ ಹಾಕುವ ಸಣ್ಣ ಸಿರಿಂಜ್ ತೆಗೆದುಕೋ, ನೀರು ತುಂಬಿ ಹೆಬ್ಬೆರಳಿನಿಂದ ಒತ್ತು. ನೀರು ಚಾವಣಿಗೆ ಚಿಮ್ಮುತ್ತದೆ. ಕುದುರೆಗೆ ಚುಚ್ಚುವ ದಪ್ಪ ಸಿರಿಂಜಿನಲ್ಲಿ ಅದೇ ಹೆಬ್ಬೆರಳಿನಿಂದ ಒತ್ತು. ಹೆಬ್ಬೆರಳು ನೋಯುತ್ತದೆ, ನೀರು ತೊಟ್ಟಿಕ್ಕುತ್ತದೆ. ಬ್ರೇಕೂ ಅಷ್ಟೇ. ಚಕ್ರದ ಹತ್ತಿರ ಏನಿದೆ ಎಂದು ಮೊದಲು ನೋಡಿ, ಆಮೇಲೆ ಕೈಗೆ ಏನು ಬೇಕೆಂದು ಆರಿಸಬೇಕು. ನಿನ್ನ ಗಾಡಿಯ ಮುಂದಿನ ಚಕ್ರಕ್ಕೆ ಎರಡು ಬ್ರೇಕ್ ತಟ್ಟೆ, ಅವನ್ನು ಕಚ್ಚಿ ಹಿಡಿಯುವ ಎರಡು ಸಣ್ಣ ಕ್ಯಾಲಿಪರ್. ಹತ್ತೊಂಬತ್ತು ಹಾಕಿದರೆ ಲಿವರ್ ಮರದ ತುಂಡಾಗುತ್ತದೆ. ಕಲ್ಲು ಹಿಂಡಿದರೆ ಹಾಲು ಬರುವುದಿಲ್ಲ. ಹದಿನಾಲ್ಕು ಹಾಕಿದರೆ ಮೆತ್ತಗೆ ಹ್ಯಾಂಡಲಿನವರೆಗೂ ಬರುತ್ತದೆ. ಹದಿನಾರು ಹಾಕು.

ಹಾಕಿದ ಮೇಲೆ ಆಯಿಲ್ ಪೈಪಿನೊಳಗಿನ ಗಾಳಿ ತೆಗೆ. ಕೊನೆಗೆ ಲಿವರನ್ನು ಹ್ಯಾಂಡಲಿಗೆ ಸೇರಿಸಿ ಹಳೇ ಬಟ್ಟೆಯಿಂದ ಕಟ್ಟಿ, ಬೆಳಗಿನವರೆಗೆ ಬಿಡು. ಉಳಿದ ಗುಳ್ಳೆಗಳು ತಾವಾಗಿ ಮೇಲಕ್ಕೆ ಬರುತ್ತವೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಮ್ಮ ಕೈಯಲ್ಲಿದೆ.

ಒಂದು ಮಾತು. ಸಂತೆಯ ದಾರಿ ಸಪಾಟು. ಬ್ರೆಡ್ಡೇನೂ ಓಡಿಹೋಗುವುದಿಲ್ಲ. ಇಷ್ಟು ಒಳ್ಳೆಯ ಬ್ರೇಕು ನಿನಗೇಕೆ?

ಇನ್ನೊಂದು. ಹಳೆಯ ಸಿಲಿಂಡರನ್ನು ಎಸೆಯಬೇಡ, ನನಗೆ ಕಳಿಸು. ಅಪ್ಪನ ಸಾಮಾನಿನ ಡಬ್ಬಿಯಲ್ಲಿ ನನ್ನ ಕಾಗದಗಳೇನಾದರೂ ಇದ್ದರೆ ಅವನ್ನೂ ಕಳಿಸು. ಓದಬೇಕಾಗಿಲ್ಲ, ಎಲ್ಲ ಹಳೆಯ ಕೆಲಸದ ಮಾತು.

ದೊಡ್ಡಪ್ಪ


ಕಾಸ್ತೆಲ್‌ಮುರ, 12 ಜುಲೈ 2006

ದೊಡ್ಡಪ್ಪ,

ಫುಟ್‌ಬಾಲ್ ಗೆದ್ದ ಗದ್ದಲ ಇನ್ನೂ ಇಳಿದಿಲ್ಲ. ಬಾರಿನ ಮುಂದೆ ಕೆಂಪು, ಬಿಳಿ, ಹಸಿರು ಕಾಗದದ ಚೂರುಗಳನ್ನು ಯಾರೂ ಗುಡಿಸಿಲ್ಲ.

ಹದಿನಾರು ಹಾಕಿದೆ. ಬಟ್ಟೆ ಕಟ್ಟಿ ಬಿಟ್ಟೆ. ಬೆಳಿಗ್ಗೆ ಬ್ರೇಕು ಎದ್ದು ನಿಂತಿತ್ತು. ಎರಡು ಬೆರಳು ಸಾಕು! ದೊನಾತೊ ತನ್ನ ಗಾಡಿಗೆ ಹತ್ತೊಂಬತ್ತು ಹಾಕಿಕೊಂಡು ನನ್ನದನ್ನು ಹಿಡಿದು ನೋಡಿದ. “ಥೂ, ಬೆಣ್ಣೆ” ಎಂದು ಮೂಗು ಮುರಿದ. ಬಾರಿನಲ್ಲಿದ್ದವರೆಲ್ಲ ಬಂದು ಒಬ್ಬೊಬ್ಬರೇ ಹಿಡಿದು “ಬೆಣ್ಣೆ, ಬೆಣ್ಣೆ” ಎಂದರು. ಒಬ್ಬ ಬ್ರೆಡ್ಡೂ ಕೇಳಿದ.

ನೀವು ಹೇಳಿದಿರೆಂದೇ ಅಪ್ಪನ ಡಬ್ಬಿ ತೆರೆದೆ. ಓದಬೇಡ ಎಂದಿದ್ದಿರಿ, ಓದಿದೆ. ಒಂದೇ ಚೀಟಿ ಇತ್ತು, ಸ್ಪ್ಯಾನರುಗಳ ಕೆಳಗೆ. “ಸೆತ್ತಿಮಿಯೊ, ನೀನು ಕೇಳಿದಂತೆ ಲಿವರಿನ ಸ್ಕ್ರೂ ಅರ್ಧ ಸುತ್ತು ಒಳಗೆ ತಿರುಗಿಸಿದ್ದೇನೆ. ಇನ್ನು ಕೂದಲೆಳೆಯಷ್ಟೂ ಸಡಿಲಿಲ್ಲ. ಮುಟ್ಟಿದ ಕೂಡಲೇ ಕಲ್ಲು. ಇಂಥ ಬ್ರೇಕು ಊರಲ್ಲಿ ಇನ್ನೊಂದಿಲ್ಲ. ಅಂಪೇಲಿಯೊ, ಆಗಸ್ಟ್ 1995.”

ದೊಡ್ಡಪ್ಪ, ಇದನ್ನು ಯಾಕೆ ನನಗೆ ಹೇಳಲಿಲ್ಲ? ಹೊಸ ಸಿಲಿಂಡರಿನಲ್ಲೂ ಅಂಥದೇ ಸಣ್ಣ ಸ್ಕ್ರೂ ಇದೆ. ಅರ್ಧ ಸುತ್ತು ತಿರುಗಿಸಿದೆ. ಬೆಣ್ಣೆ ಹೋಗಿ ಕಲ್ಲು ಬಂತು. ಚೀಟಿಯನ್ನು ಬಾರಿನಲ್ಲಿ ಗಟ್ಟಿಯಾಗಿ ಓದಿದೆ. ಎಲ್ಲರೂ ಟೋಪಿ ತೆಗೆದರು.

ಹಳೆಯ ಸಿಲಿಂಡರನ್ನು ಬೇರೆ ಪೊಟ್ಟಣದಲ್ಲಿ ಕಳಿಸಿದ್ದೇನೆ. ಚೀಟಿ ಕಳಿಸುವುದಿಲ್ಲ, ಅದು ಅಪ್ಪನದು.

ದೆಲ್ಫಿನಾ


ಬೆರ್ಗಾಮೊ, 29 ಜುಲೈ 2006

ದೆಲ್ಫಿನಾ,

ಆ ಸ್ಕ್ರೂವನ್ನು ಹಿಂದಕ್ಕೆ ತಿರುಗಿಸು. ಇವತ್ತೇ ತಿರುಗಿಸು. ಇದರೊಳಗೆ ಹಳೆಯ ನೂರು ಲಿರೆಯ ನಾಣ್ಯ ಒಂದನ್ನು ಇಟ್ಟಿದ್ದೇನೆ. ಲಿವರಿನ ತುದಿ ಈ ನಾಣ್ಯದ ದಪ್ಪದಷ್ಟು ಸುಮ್ಮನೆ ಅಲ್ಲಾಡಬೇಕು, ಆಮೇಲೆ ಹಿಡಿಯಬೇಕು. ಬೇಕಾದರೆ ಅದಕ್ಕಿಂತ ಹೆಚ್ಚು ಇರಲಿ, ಕಡಿಮೆ ಬೇಡ.

ಯಾಕೆಂದು ಕೇಳಬೇಡ. ದೊಡ್ಡವನು ಹೇಳಿದ್ದೇನೆ, ಮಾಡು.

ಅಂಪೇಲಿಯೊ


ಕಾಸ್ತೆಲ್‌ಮುರ, 19 ಆಗಸ್ಟ್ 2006

ಪ್ರೀತಿಯ ದೊಡ್ಡಪ್ಪ,

ಆಗಸ್ಟ್ ಹಬ್ಬಕ್ಕೆ ಅಂಚೆ ಕಚೇರಿ ಮುಚ್ಚಿತ್ತು, ನಿಮ್ಮ ಕಾಗದ ನಿನ್ನೆ ಕೈಗೆ ಬಂತು. ನಾಣ್ಯ ಚೆನ್ನಾಗಿದೆ. ಅಪ್ಪ ಇಂಥದ್ದರಲ್ಲೇ ನನಗೆ ಐಸ್‌ಕ್ರೀಮ್ ಕೊಡಿಸುತ್ತಿದ್ದ.

ಆದರೆ ಸ್ಕ್ರೂ ತಿರುಗಿಸಿಲ್ಲ. ಕೋಪ ಮಾಡಿಕೊಳ್ಳಬೇಡಿ. ‘ಯಾಕೆ’ ಎಂದು ಹೇಳದ ಮಾತನ್ನು ನಾನು ಚಿಕ್ಕಂದಿನಿಂದಲೂ ಕೇಳಿದವಳಲ್ಲ. ದೊನಾತೊಗೆ ತೋರಿಸಿದೆ. “ವಯಸ್ಸಾಯ್ತು, ಭಯ ಬಿದ್ದಿದಾರೆ ಪಾಪ. ಆಗ ಇದ್ದ ಕೈ ಈಗ ಇಲ್ಲ” ಎಂದ. ಅದಾದ ಮೇಲೆ ತನ್ನ ಗಾಡಿಯನ್ನೂ ತಂದು ನಿಲ್ಲಿಸಿ, “ನಿಮ್ಮ ಮನೆತನದ ಕೈ ನನ್ನದಕ್ಕೂ ಬೀಳಲಿ” ಎಂದ. ಅವನ ಸ್ಕ್ರೂವನ್ನು ನಾನೇ ತಿರುಗಿಸಿದೆ. ಅರ್ಧ ಸುತ್ತು, ಅಳೆದು.

ಈಗ ನಿಜ ಹೇಳುತ್ತೇನೆ. ಸಂತೆಯ ಮಾತು ಸುಳ್ಳು. ಸೆಪ್ಟೆಂಬರಿನ ಮೊದಲ ಭಾನುವಾರದ ಮೌನದ ಇಳಿತಕ್ಕೆ ಈ ಸಲ ನಾನು ಮುಂದೆ ಹೋಗುತ್ತೇನೆ. ಇಳಿತದಲ್ಲಿ ಸತ್ತವರ ಮನೆಯವರು ಕೇಳಿದ ವರ್ಷ ಮುಂದಿನ ಜಾಗ ಅವರದು ತಾನೇ? ಕೇಳಿದೆ, ಪಾದ್ರಿ ಒಪ್ಪಿದರು. ಬೆಟ್ಟದ ಮೇಲಿನ ಮಾತೆಯ ಗುಡಿಯಲ್ಲಿ ಗಾಡಿಗಳ ಮೇಲೆ ಪವಿತ್ರ ನೀರು ಚಿಮುಕಿಸಿ ಗಂಟೆ ಹೊಡೆದ ಮೇಲೆ ಎಲ್ಲರ ಇಂಜಿನ್ ಬಂದ್, ಬಾಯಿ ಬಂದ್. ಹಾರ್ನಿಲ್ಲ, ಮಾತಿಲ್ಲ. ಕೆಳಗಿನ ಸೇತುವೆಯವರೆಗೆ ಒಂಬತ್ತು ಕಿಲೋಮೀಟರ್, ಗಾಳಿಯ ಸದ್ದು ಒಂದೇ. ಅಪ್ಪ ಹೋದದ್ದು 1995ರ ಸೆಪ್ಟೆಂಬರ್ ಮೂರು, ಭಾನುವಾರ. ಈ ವರ್ಷವೂ ಭಾನುವಾರ ಮೂರನೇ ತಾರೀಖೇ ಬಿದ್ದಿದೆ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಚಿಕ್ಕವಳಿದ್ದಾಗ ನಾನು ಸೇತುವೆಯ ಮೇಲೆ ಕಾಯುತ್ತ ನಿಂತಿದ್ದೆ. ಅಪ್ಪ ಬರಲಿಲ್ಲ. ಅವನು ಮುಗಿಸದೆ ಬಿಟ್ಟ ದಾರಿಯನ್ನು ಅವನ ಗಾಡಿಯಲ್ಲೇ ಮುಗಿಸಬೇಕು. ನನ್ನ ಬಲಕ್ಕೆ, ಒಂದು ಗಾಡಿ ಹಿಂದೆ, ದೊನಾತೊ ಇರುತ್ತಾನೆ.

ಹರಸಿ.
ದೆಲ್ಫಿನಾ


ಬೆರ್ಗಾಮೊ, 25 ಆಗಸ್ಟ್ 2006. ತುರ್ತು ಅಂಚೆ

ದೆಲ್ಫಿನಾ,

ಕೂತುಕೊಂಡು ಓದು. ಅಮ್ಮ ಪಕ್ಕದಲ್ಲಿ ಇರುವುದು ಬೇಡ.

ಬ್ರೇಕ್ ಆಯಿಲ್ ಬಿಸಿಯಾದರೆ ಒಲೆಯ ಮೇಲಿನ ಹಾಲಿನಂತೆ ಹಿಗ್ಗುತ್ತದೆ. ಹಿಗ್ಗಿದ್ದು ಮೇಲಿನ ಡಬ್ಬಿಗೆ ವಾಪಸು ಹೋಗಲು ಸಿಲಿಂಡರಿನಲ್ಲಿ ಸೂಜಿಯ ಮೊನೆಯಷ್ಟು ತೂತಿದೆ. ಲಿವರಿನಲ್ಲಿ ಸಡಿಲು ಇಲ್ಲದಿದ್ದರೆ ಪಿಸ್ಟನ್ ಪೂರ್ತಿ ಹಿಂದೆ ಸರಿಯುವುದಿಲ್ಲ, ತೂತು ಮುಚ್ಚಿಕೊಂಡೇ ಇರುತ್ತದೆ. ಸಂತೆಯ ದಾರಿಯಲ್ಲಿ ಏನೂ ಆಗುವುದಿಲ್ಲ, ವರ್ಷಗಟ್ಟಲೆ ಆಗುವುದಿಲ್ಲ. ಇಂಜಿನ್ ಆರಿಸಿ ಒಂಬತ್ತು ಕಿಲೋಮೀಟರ್ ಬರೀ ಬ್ರೇಕಿನ ಮೇಲೆ ಇಳಿದರೆ ಆಗುತ್ತದೆ. ಆಯಿಲ್ ಹಿಗ್ಗುತ್ತದೆ, ಹೋಗಲು ದಾರಿಯಿಲ್ಲ, ತಟ್ಟೆಯನ್ನು ಒತ್ತುತ್ತದೆ. ಒತ್ತಿದಷ್ಟೂ ಬಿಸಿ, ಬಿಸಿಯಾದಷ್ಟೂ ಒತ್ತಡ. ಕೊನೆಗೆ ಯಾರೂ ಹಿಡಿಯದಿದ್ದರೂ ಬ್ರೇಕು ತಾನೇ ಹಿಡಿಯುತ್ತದೆ, ಬಿಡುವುದಿಲ್ಲ.

ಆ ಆಗಸ್ಟಿನಲ್ಲಿ ನನಗೆ ಇದು ಗೊತ್ತಿತ್ತು. ಕಾರ್ಖಾನೆಯಲ್ಲಿ ದಿನವೂ ಹುಡುಗರಿಗೆ ಇದನ್ನೇ ಹೇಳಿಕೊಡುತ್ತಿದ್ದೆ. ಆದರೆ ಸೆತ್ತಿಮಿಯೊ ಎಲ್ಲರ ಮುಂದೆ, “ಉತ್ತರದ ಕಾರ್ಖಾನೆ ಸೇರಿ ನಮ್ಮಣ್ಣ ಮೆತ್ತಗಾಗಿಬಿಟ್ಟ” ಎಂದು ನಕ್ಕ. ನಾನು ರೋಷಕ್ಕೆ ತಿರುಗಿಸಿದೆ. ಇಳಿತ ನನ್ನ ನೆನಪಿನಲ್ಲಿರಲಿಲ್ಲ. ಬ್ರೇಕನ್ನು ಬಲ್ಲವನು ಊರನ್ನು ಮರೆತಿದ್ದೆ.

ಅವತ್ತು ನಾನು ಅವನ ಹಿಂದೆಯೇ ಇದ್ದೆ. ಎಲ್ಲ ಮೌನ. ಮೊದಲ ತಿರುವಿನ ನಂತರ ಅವನ ಮುಂದಿನ ಚಕ್ರದಿಂದ ಸದ್ದು ಶುರುವಾಯಿತು, ತಾಮ್ರದ ಹಂಡೆಯ ಮೇಲೆ ಉಗುರು ಎಳೆದಂತೆ. ಏನೆಂದು ತಕ್ಷಣ ತಿಳಿಯಿತು. ಕೂಗಬೇಕಿತ್ತು. ಐವತ್ತು ವರ್ಷದಲ್ಲಿ ಯಾರೂ ಮುರಿಯದ ಮೌನ, ನಾನು ಮುರಿಯಲೇ ಎಂದು ಯೋಚಿಸಿದೆ. ಮೂರನೇ ತಿರುವಿನವರೆಗೆ ಯೋಚಿಸುತ್ತಲೇ ಇದ್ದೆ.

ಜನ ಬರುವ ಹೊತ್ತಿಗೆ ತಟ್ಟೆ ತಣ್ಣಗಾಗಿತ್ತು. ಸೊಟ್ಟಗಾಗಿದ್ದರೂ ಚಕ್ರ ಸಲೀಸಾಗಿ ತಿರುಗುತ್ತಿತ್ತು. ಬ್ರೇಕಿನಲ್ಲಿ ದೋಷವಿಲ್ಲ, ಎದೆ ನಿಂತಿರಬೇಕು ಎಂದರು. ನಾನು ಹೌದು ಎಂದೆ. ಆಮೇಲೆ ಕಿವಿ ಹೋಯಿತು. ಎಲ್ಲ ಸದ್ದೂ ಹೋಯಿತು, ಅದೊಂದು ಉಳಿದಿದೆ.

ನಿನ್ನ ಸ್ಕ್ರೂ ತಿರುಗಿಸು. ದೊನಾತೊನದೂ ತಿರುಗಿಸು. ಒಂದೇ ಬೇಡಿಕೆ: ನಾನು ಬದುಕಿರುವವರೆಗೆ ಈ ಕಾಗದ ಯಾರ ಕಣ್ಣಿಗೂ ಬೀಳದಿರಲಿ. ಎದೆ ನಿಂತಿತು, ನೋವಾಗಲಿಲ್ಲ ಎಂದು ನಿನ್ನ ಅಮ್ಮ ನಂಬಿದ್ದಾಳೆ. ಅಪ್ಪನ ಮೇಲೆ ಆಣೆ.

ಅಂಪೇಲಿಯೊ


ಕಾಸ್ತೆಲ್‌ಮುರ, 31 ಆಗಸ್ಟ್ 2006. ತುರ್ತು ಅಂಚೆ

ದೊಡ್ಡಪ್ಪ,

ಎರಡು ದಿನ ಏನು ಬರೆಯಬೇಕೋ ತಿಳಿಯಲಿಲ್ಲ. ಈಗಲೂ ನಿಮ್ಮ ವಿಷಯ ಬರೆಯುವುದಿಲ್ಲ, ಸ್ಕ್ರೂ ವಿಷಯ ಬರೆಯುತ್ತೇನೆ.

ನನ್ನದನ್ನು ಸಡಿಲಿಸಿದೆ. ನಾಣ್ಯ ಹಿಡಿದು ನೋಡಿದೆ, ಸರಿಯಿದೆ. ದೊನಾತೊ ಊಟಕ್ಕೆ ಹೋಗಿದ್ದಾಗ ಅಂಗಡಿಗೆ ನುಗ್ಗಿ ಅವನದನ್ನೂ ಸಡಿಲಿಸಿ ಬಂದೆ. ಸಂಜೆ ಮನೆಗೇ ಬಂದ.

“ಯಾವನೋ ಹೊಟ್ಟೆಕಿಚ್ಚಿನವನು ನನ್ನ ಬ್ರೇಕಿಗೆ ಕೈ ಹಾಕಿದಾನೆ ಕಣೇ. ಹಿಡಿದ ಕೂಡ್ಲೇ ಗೊತ್ತಾಯ್ತು. ವಾಪಸ್ ತಿರುಗಿಸಿಬಿಟ್ಟೆ.”

“ಯಾವನೋ ಅಲ್ಲ, ನಾನೇ.”

“ನೀನಾ! ಯಾಕೆ?”

“ದೊಡ್ಡಪ್ಪ ಬರೆದಿದಾರೆ. ಸಡಿಲ ಇರಬೇಕಂತೆ.”

“ಯಾಕಂತೆ?”

ಅಮ್ಮ ಒಲೆಯ ಹತ್ತಿರ ಬೀನ್ಸ್ ಬಿಡಿಸುತ್ತ ಕೂತಿದ್ದಳು.

“ಕಾರಣ ಹೇಳು, ಈಗಲೇ ಸಡಿಲ ಮಾಡ್ತೀನಿ. ಕಾರಣ ಇಲ್ದೆ ಬೆಣ್ಣೆ ಹಿಡ್ಕೊಂಡು ಬೆಟ್ಟ ಇಳಿ ಅಂದ್ರೆ ಊರೋರು ನಗಲ್ವಾ? ನಿನಗೆ ನನ್ ಮೇಲೆ ಇಷ್ಟು ಪ್ರೀತಿನಾ, ಇಲ್ಲ ಮದುವೆಗೆ ಮುಂಚೆಯೇ ಲಗಾಮು ಹಾಕ್ತಿದೀಯಾ?”

ಅಮ್ಮ ನಕ್ಕಳು. ತುಂಬ ದಿನದ ಮೇಲೆ ನಕ್ಕಳು. ಹೇಗೆ ಹೇಳಲಿ? ಅವಳಿಗೆ ಇಳಿತದ ವಿಷಯ ತಿಳಿದಿದೆ. ಅತ್ತಳು, ಆಮೇಲೆ ಅಪ್ಪನ ಫೋಟೊಗೆ ಹೊಸ ಗಾಜು ಹಾಕಿಸಿ ತಂದಳು, ಗಾಡಿಗೆ ಕಟ್ಟಲು. “ನೋವಾಗ್ಲಿಲ್ಲ ಅವರಿಗೆ” ಎಂದಳು. ಪ್ರತಿ ಭಾನುವಾರ ಹೇಳುವ ಮಾತು.

ಆಣೆ ಇಟ್ಟಿದ್ದೀರಿ, ಇದುವರೆಗೆ ಉಳಿಸಿಕೊಂಡಿದ್ದೇನೆ. ದೊನಾತೊ ಅಂಗಡಿಗೆ ಎರಡು ಬೀಗ ಹಾಕಿದ್ದಾನೆ. ಭಾನುವಾರ ಬೆಳಿಗ್ಗೆ ಬೆಟ್ಟದ ಮೇಲೆ ಹೇಗಾದರೂ ಮಾಡುತ್ತೇನೆ.

ದೆಲ್ಫಿನಾ


ಬೆರ್ಗಾಮೊ, 2 ಸೆಪ್ಟೆಂಬರ್ 2006. ತಂತಿ

ಆಣೆ ವಾಪಸು ತೆಗೆದುಕೊಂಡೆ. ಕಾಗದವನ್ನು ಎಲ್ಲರಿಗೂ ಓದು. ನನ್ನ ಹೆಸರು ಹೇಳು. ದೊನಾತೊನನ್ನು ಇಳಿಯಲು ಬಿಡಬೇಡ. ಅಂಪೇಲಿಯೊ.


ಕಾಸ್ತೆಲ್‌ಮುರ, 6 ಸೆಪ್ಟೆಂಬರ್ 2006

ದೊಡ್ಡಪ್ಪ,

ನಿಮ್ಮ ತಂತಿ ಸೋಮವಾರ ಬಂತು. ಶನಿವಾರ ಮಧ್ಯಾಹ್ನಕ್ಕೇ ಇಲ್ಲಿ ಅಂಚೆ ಕಚೇರಿ ಮುಚ್ಚುತ್ತದೆ. ಅದೂ ನಿಮಗೆ ಮರೆತುಹೋಗಿರಬೇಕು.

ಭಾನುವಾರ ಗುಡಿಯ ಅಂಗಳದಲ್ಲಿ ನಲವತ್ತು ಗಾಡಿ. ಸಣ್ಣ ಸ್ಕ್ರೂ ಡ್ರೈವರನ್ನು ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡಿದ್ದೆ. ದೊನಾತೊ ಗಾಡಿಯಿಂದ ಇಳಿಯಲೇ ಇಲ್ಲ. ನನ್ನನ್ನು ನೋಡಿ ಲಿವರಿನ ಮೇಲೆ ಕೈ ಮುಚ್ಚಿ, “ಕಳ್ಳಿ ಬಂದ್ಲು, ಜೋಪಾನ!” ಎಂದ. ಎಲ್ಲ ನಕ್ಕರು. ಆಗಲೇ ಹೇಳಿಬಿಡೋಣ ಎಂದು ಅವನ ತೋಳು ಹಿಡಿದೆ. ಅಮ್ಮ ಹೂವು ಹಿಡಿದು ಮೆಟ್ಟಿಲ ಮೇಲೆ ನಿಂತಿದ್ದಳು. ಅವಳನ್ನು ನೋಡಿದೆ. ಅಷ್ಟರಲ್ಲಿ ಗಂಟೆ ಹೊಡೆಯಿತು.

ಗಂಟೆಯಾದ ಮೇಲೆ ಮಾತಿಲ್ಲ, ನಿಮಗೆ ಗೊತ್ತಲ್ಲ.

ನಾನು ಮುಂದೆ. ನನ್ನ ಬ್ರೇಕು ಕೊನೆಯವರೆಗೂ ನೀವು ಹೇಳಿದಂತೆಯೇ ನಡೆಯಿತು. ಎರಡು ಬೆರಳು ಸಾಕಾಯಿತು. ಮೊದಲ ತಿರುವು ಕಳೆದ ಮೇಲೆ ನನ್ನ ಬೆನ್ನ ಹಿಂದೆ, ಬಲಗಡೆ, ಸದ್ದು ಶುರುವಾಯಿತು. ನೀವು ಸರಿಯಾಗಿ ಬರೆದಿದ್ದಿರಿ. ತಾಮ್ರದ ಹಂಡೆ, ಉಗುರು. ಅಷ್ಟು ಮೌನದಲ್ಲಿ ಬೇರೆ ಏನೂ ಕೇಳುವಂತಿರಲಿಲ್ಲ. ಎರಡನೇ ತಿರುವಿಗೆ ಸುಟ್ಟ ವಾಸನೆ ಬಂತು.

ನಾನು ಕೂಗಿದೆ. ನೀವು ಮೂರನೇ ತಿರುವಿನವರೆಗೆ ಯೋಚಿಸಿದಿರಿ, ನಾನು ಎರಡನೆಯದರವರೆಗೆ. “ದೊನಾತೊ, ಬ್ರೇಕ್ ಬಿಡು! ದಂಡೆಗೆ ಹತ್ತಿಸು!”

ಅವನ ದನಿ ಬಂತು. ಹೆದರಿರಲಿಲ್ಲ, ಆಶ್ಚರ್ಯ ಇತ್ತು ಅದರಲ್ಲಿ.

“ಬಿಟ್ಟೇ ಇದೀನಲ್ಲೇ!”

ಆಮೇಲೆ ಅವನು ನನ್ನ ಪಕ್ಕದಿಂದ ಗಾಳಿಯಲ್ಲಿ ಹೋದ, ಗಾಡಿ ಇಲ್ಲದೆ.

ಜನ ಓಡಿ ಬಂದರು. ಮೌನ ಮುರಿದವಳೆಂದು ಮುದುಕರು ನನ್ನನ್ನೇ ಬೈದರು, ನನ್ನ ಕೂಗಿಗೆ ಬೆದರಿ ಬಿದ್ದ ಎಂದರು. ನಾನು ಅವನ ಗಾಡಿಯ ಹತ್ತಿರ ಕೂತು ಮುಂದಿನ ಚಕ್ರದ ಮೇಲೆ ಕೈಯಿಟ್ಟೆ. ಅಲುಗಲಿಲ್ಲ. ಅಲ್ಲೇ ಕೂತಿದ್ದೆ. ಸ್ವಲ್ಪ ಹೊತ್ತಿಗೆ ತಟ್ಟೆ ಟಿಕ್ ಟಿಕ್ ಎನ್ನುತ್ತ ತಣ್ಣಗಾಯಿತು, ಚಕ್ರ ನನ್ನ ಕೈಯಡಿಯಲ್ಲಿ ಸಲೀಸಾಗಿ ತಿರುಗಿತು. ಅದನ್ನು ಕಂಡವಳು ನಾನೊಬ್ಬಳೇ.

ಅವನಿಗೆ ಉಸಿರಿದೆ. ಇವತ್ತಿಗೆ ಮೂರು ದಿನ, ಕಣ್ಣು ಬಿಟ್ಟಿಲ್ಲ. ಡಾಕ್ಟರು ನಮ್ಮ ಮುಖ ನೋಡದೆ ಮಾತಾಡುತ್ತಾರೆ.

ನೀವು ಹನ್ನೊಂದು ವರ್ಷ ಮುಚ್ಚಿಟ್ಟಿರಿ. ನಾನು ಮುಚ್ಚಿಟ್ಟದ್ದು ಎಂಟೇ ದಿನ, ಆದರೂ ಮುಚ್ಚಿಟ್ಟೆ. ಇವತ್ತು ಬೆಳಿಗ್ಗೆ ಆಸ್ಪತ್ರೆಯ ಮೊಗಸಾಲೆಯಲ್ಲಿ ದೊನಾತೊನ ತಾಯಿ ಜೆರಾರ್ದಾ ಮತ್ತು ಅಮ್ಮನ ನಡುವೆ ಕೂತು ನಿಮ್ಮ ಕಾಗದವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಚೀಟಿಯನ್ನು ಬಾರಿನಲ್ಲಿ ಓದಿದಷ್ಟೇ ಗಟ್ಟಿಯಾಗಿ.

ಅಮ್ಮ ಅಳಲಿಲ್ಲ. ಒಂದೇ ಕೇಳಿದಳು, ನಿಮಗೆ ಬರೆಯಲು ಹೇಳಿದ್ದಾಳೆ: “ಇದನ್ನ ಹೊಟ್ಟೇಲಿಟ್ಕೊಂಡು ಹನ್ನೊಂದು ವರ್ಷ ಊಟ ಹೇಗೆ ಇಳೀತು ಅವನ ಗಂಟಲಲ್ಲಿ?”

ಜೆರಾರ್ದಾ ನಿಮ್ಮ ಬಗ್ಗೆ ಕೇಳಲಿಲ್ಲ.

“ನನ್ನ ಮಗನ ಗಾಡಿದು ತಿರುಗಿಸಿದ್ದು ನೀನೇನಾ?” ಎಂದಳು.

“ಮೊದಲು ತಿರುಗಿಸಿದ್ದು ನಾನೇ ಅಮ್ಮಾ.”

“ಎಷ್ಟು?”

“ಅರ್ಧ ಸುತ್ತು.”

ಅವಳು ಹೆಬ್ಬೆರಳು, ತೋರುಬೆರಳು ಜೋಡಿಸಿ ಗಾಳಿಯಲ್ಲಿ ಇಲ್ಲದ ಸ್ಕ್ರೂ ಒಂದನ್ನು ಹಿಡಿದಳು. ಮೆಲ್ಲಗೆ ತಿರುಗಿಸಿದಳು. ನನ್ನ ಮುಖ ನೋಡಿದಳು.

“ಇಷ್ಟೇನಾ?”

“ಇಷ್ಟೇ.”

ಮತ್ತೆ ತಿರುಗಿಸಿದಳು. ನಾನು ಅವಳ ಎದುರಿನ ಬೆಂಚಿನಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ ದೊಡ್ಡಪ್ಪ. ಅವಳು ಇನ್ನೂ ತಿರುಗಿಸುತ್ತಲೇ ಇದ್ದಾಳೆ.

ದೆಲ್ಫಿನಾ